ಮೂಳೆ ಸವೆತದ ಮೂಲ ಕೊರಳಲ್ಲಿದ್ದರೆ: ಪ್ಯಾರಾಥೈರಾಯ್ಡ್ ಕುರಿತ ತಪ್ಪು ಕಲ್ಪನೆ ಮತ್ತು ವಾಸ್ತವ

ಮೂಳೆ ಸವೆದಿದೆ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಕೇಳಿಬರುವ ಮೊದಲ ಮಾತು, ‘ಕ್ಯಾಲ್ಸಿಯಂ ಕಡಿಮೆ ಆಗಿರಬೇಕು, ಮಾತ್ರೆ ತಗೊಳ್ಳಿ’ ಎನ್ನುವುದು. ಬಹಳಷ್ಟು ಜನರಿಗೆ ಈ ಸಲಹೆಯಿಂದ ತೊಂದರೆಯೇನೂ ಆಗುವುದಿಲ್ಲ. ಆದರೆ ಮೂಳೆ ಸವೆದವರಲ್ಲೇ ಕೆಲವರ ರಕ್ತ ಪರೀಕ್ಷೆ ಮಾಡಿಸಿದರೆ ಕ್ಯಾಲ್ಸಿಯಂ ಕಡಿಮೆಯಲ್ಲ, ಹೆಚ್ಚಾಗಿಯೇ ಇರುತ್ತದೆ. ಅವರ ಮೂಳೆಯೊಳಗಿನ ಕ್ಯಾಲ್ಸಿಯಂ ದಿನವೂ ಅಷ್ಟಷ್ಟು ರಕ್ತಕ್ಕೆ ಇಳಿದುಹೋಗುತ್ತಿರುತ್ತದೆ. ಹಾಗೆ ಇಳಿಸುತ್ತಿರುವುದು ಕೊರಳಲ್ಲಿ ಅಡಗಿರುವ ಒಂದು ಪುಟ್ಟ ಗ್ರಂಥಿ.

ಅದೇ ಪ್ಯಾರಾಥೈರಾಯ್ಡ್. ಸಾಮಾನ್ಯವಾಗಿ ನಾಲ್ಕಿರುತ್ತವೆ, ಥೈರಾಯ್ಡ್ ಗ್ರಂಥಿಯ ಹಿಂಬದಿಗೆ ಎಡಕ್ಕೆರಡು, ಬಲಕ್ಕೆರಡು. ಒಂದೊಂದೂ ಅಕ್ಕಿಕಾಳಿನಷ್ಟು ಗಾತ್ರ, 30ರಿಂದ 50 ಮಿಲಿಗ್ರಾಂ ತೂಕ. ಇವುಗಳಿಂದ ಬರುವ ಪ್ಯಾರಾಥೈರಾಯ್ಡ್ ಹಾರ್ಮೋನನ್ನು ವೈದ್ಯರು ಪಿಟಿಎಚ್ ಎನ್ನುತ್ತಾರೆ. ರಕ್ತದಲ್ಲಿ ಕ್ಯಾಲ್ಸಿಯಂ ಸ್ವಲ್ಪ ಇಳಿದರೂ ಪಿಟಿಎಚ್ ಏರುತ್ತದೆ. ಅದು ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸುತ್ತದೆ, ಮೂತ್ರದಲ್ಲಿ ಹೋಗುವ ಕ್ಯಾಲ್ಸಿಯಂ ಅನ್ನು ತಡೆಯುತ್ತದೆ, ವಿಟಮಿನ್ ಡಿ ಅನ್ನು ಚುರುಕುಗೊಳಿಸಿ ಕರುಳು ಹೆಚ್ಚು ಕ್ಯಾಲ್ಸಿಯಂ ಹೀರುವಂತೆ ಮಾಡುತ್ತದೆ. ಕ್ಯಾಲ್ಸಿಯಂ ಸರಿಹೋದೊಡನೆ ಗ್ರಂಥಿ ತಣ್ಣಗಾಗಬೇಕು. ತಣ್ಣಗಾಗದೆ ಹಾರ್ಮೋನು ಸುರಿಸುತ್ತಲೇ ಇದ್ದರೆ ಅದು ಪ್ರೈಮರಿ ಹೈಪರ್‌ಪ್ಯಾರಾಥೈರಾಯ್ಡಿಸಂ. ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ರೋಗಿಗಳಲ್ಲಿ ಕೆಟ್ಟಿರುವುದು ಒಂದೇ ಗ್ರಂಥಿ, ಅದರಲ್ಲಿ ಬೆಳೆದ ಕ್ಯಾನ್ಸರ್ ಅಲ್ಲದ ಗಡ್ಡೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಸುಮಾರು ಮೂರು ಪಟ್ಟು ಹೆಚ್ಚು.

ಪತ್ತೆ ಮಾಡಲು ದುಬಾರಿ ಪರೀಕ್ಷೆಗಳಿಂದ ಶುರುಮಾಡಬೇಕಿಲ್ಲ, ವಾಸಿ ಮಾಡುವ ದಾರಿಯೂ ಇದೆ. ಆದರೂ ಸುತ್ತ ಬೆಳೆದಿರುವ ತಪ್ಪು ನಂಬಿಕೆಗಳಿಂದ ಎಷ್ಟೋ ಜನ ವರ್ಷಗಟ್ಟಲೆ ಮೂಳೆ ಮುರಿದುಕೊಳ್ಳುತ್ತಾ ಅಲೆಯುತ್ತಾರೆ. ಅವುಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಮೂಳೆ ಗಟ್ಟಿಯಿದೆ ಎಂದರ್ಥ.

ವಾಸ್ತವ: ದೇಹದ ಕ್ಯಾಲ್ಸಿಯಂನಲ್ಲಿ ಶೇ. 99ರಷ್ಟು ಇರುವುದು ಮೂಳೆ ಮತ್ತು ಹಲ್ಲುಗಳಲ್ಲಿ. ರಕ್ತದಲ್ಲಿ ಓಡಾಡುವುದು ಅತ್ಯಲ್ಪ. ಅಡುಗೆಮನೆಯ ನೆಲದ ಮೇಲೆಲ್ಲ ಕಾಳು ಚೆಲ್ಲಿದೆ ಎಂದರೆ ಕಣಜ ತುಂಬಿದೆ ಎಂದಲ್ಲ. ಕಣಜಕ್ಕೆ ತೂತು ಬಿದ್ದಿರಬಹುದು. ಈ ರೋಗದಲ್ಲಿ ಆಗುವುದೂ ಅದೇ.

ಮೂಳೆ ಜಡವಸ್ತುವಲ್ಲ. ಹಳೆಯ ಮೂಳೆಯನ್ನು ಕರಗಿಸುವ ಜೀವಕೋಶಗಳು ಒಂದು ಕಡೆ, ಹೊಸದನ್ನು ಕಟ್ಟುವ ಜೀವಕೋಶಗಳು ಇನ್ನೊಂದು ಕಡೆ ಸದಾ ಕೆಲಸದಲ್ಲಿರುತ್ತವೆ. ಪಿಟಿಎಚ್ ಹಗಲುರಾತ್ರಿ ಹೆಚ್ಚೇ ಇದ್ದರೆ ಎರಡೂ ಕೆಲಸ ವೇಗವಾಗುತ್ತವೆ, ಆದರೆ ಕರಗುವುದು ಕಟ್ಟುವುದನ್ನು ಮೀರುತ್ತದೆ. ಹೀಗೆ ಬಿಡುಗಡೆಯಾದ ಕ್ಯಾಲ್ಸಿಯಂ ರಕ್ತದಲ್ಲಿ ಏರಿ, ಮೂತ್ರಪಿಂಡದ ಮೂಲಕ ಹೊರಗೆ ಹೋಗುವಾಗ ಕೆಲವರಲ್ಲಿ ಕಲ್ಲಾಗುತ್ತದೆ. ಆದ್ದರಿಂದ ಮೂಳೆ ಮುರಿತ ಮತ್ತು ಕಿಡ್ನಿ ಕಲ್ಲು ಒಬ್ಬರಲ್ಲೇ ಕಂಡರೆ ಎರಡೂ ಬೇರೆ ಬೇರೆ ಕಾಯಿಲೆಯೆಂದು ಬಗೆದು ಇಬ್ಬರು ವೈದ್ಯರ ಬಳಿ ಓಡುವ ಮೊದಲು ಒಂದು ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಬೇಕು.

ತಪ್ಪು ಕಲ್ಪನೆ 2: ಇದು ಥೈರಾಯ್ಡ್‌ನದೇ ಒಂದು ಬಗೆ. ಥೈರಾಯ್ಡ್ ಟೆಸ್ಟ್ ನಾರ್ಮಲ್ ಬಂದಿದೆ, ಹಾಗಾಗಿ ಭಯವಿಲ್ಲ.

ವಾಸ್ತವ: ಎರಡೂ ಕೊರಳಲ್ಲಿ ಒತ್ತಾಗಿವೆ ಎನ್ನುವುದು ಬಿಟ್ಟರೆ ಅವುಗಳ ಕೆಲಸಕ್ಕೆ ಸಂಬಂಧವಿಲ್ಲ. ಥೈರಾಯ್ಡ್‌ಗೆಂದು ಮಾಡುವ ಟಿಎಸ್‌ಎಚ್ ಪರೀಕ್ಷೆಯಿಂದ ಪ್ಯಾರಾಥೈರಾಯ್ಡ್ ಬಗ್ಗೆ ಏನೂ ತಿಳಿಯುವುದಿಲ್ಲ. ಥೈರಾಯ್ಡ್ ಮಾತ್ರೆಯಿಂದ ಈ ರೋಗ ವಾಸಿಯೂ ಆಗುವುದಿಲ್ಲ.

ಈ ಗ್ರಂಥಿಗಳು ಎಷ್ಟು ಸಣ್ಣವೆಂದರೆ ಅಂಗರಚನಾಶಾಸ್ತ್ರಜ್ಞರ ಕಣ್ಣಿಗೆ ಬಿದ್ದದ್ದೇ ತಡವಾಗಿ. ಲಂಡನ್ನಿನ ಮೃಗಾಲಯದಲ್ಲಿ ಸತ್ತ ಭಾರತೀಯ ಖಡ್ಗಮೃಗವೊಂದನ್ನು ಛೇದಿಸಿದ ರಿಚರ್ಡ್ ಓವೆನ್ ಎಂಬ ವಿಜ್ಞಾನಿ ಅದರಲ್ಲಿ ಮೊದಲು ಇದನ್ನು ಗುರುತಿಸಿದರು. ಮನುಷ್ಯರಲ್ಲಿ ಇದನ್ನು 1880ರಲ್ಲಿ ವಿವರಿಸಿದವರು ಸ್ವೀಡನ್ನಿನ ಉಪ್ಸಲಾದ ವೈದ್ಯಕೀಯ ವಿದ್ಯಾರ್ಥಿ ಈವಾರ್ ಸಾಂಡ್‌ಸ್ಟ್ರಾಮ್.

ಗ್ರಂಥಿಗೂ ಮೂಳೆಗೂ ಇರುವ ನಂಟು ಅರ್ಥವಾಗಲು ಇನ್ನೂ ನಾಲ್ಕು ದಶಕ ಬೇಕಾಯಿತು, ಅದೂ ವೈದ್ಯರದೇ ತಪ್ಪು ಕಲ್ಪನೆಯೊಂದು ಮುರಿದ ಮೇಲೆ. ಮೂಳೆ ಸವೆದ ರೋಗಿಗಳಲ್ಲಿ ಈ ಗ್ರಂಥಿ ಊದಿಕೊಂಡಿರುವುದನ್ನು ಕಂಡಿದ್ದ ವೈದ್ಯರು, ಮೂಳೆಯ ಕೊರತೆ ತುಂಬಲು ಗ್ರಂಥಿ ಹೀಗೆ ಬೆಳೆದಿದೆ ಎಂದೇ ಬಗೆದಿದ್ದರು. ವಿಯೆನ್ನಾದ ಸರ್ಜನ್ ಫೆಲಿಕ್ಸ್ ಮಾಂಡ್ಲ್ ತಮ್ಮ ಬಳಿ ಬಂದ ಆಲ್ಬರ್ಟ್ ಎಂಬ ಟ್ರಾಂ ನೌಕರನಿಗೆ ಮೊದಲು ಪ್ಯಾರಾಥೈರಾಯ್ಡ್ ಸಾರವನ್ನು ಕೊಟ್ಟು ನೋಡಿದರು, ಬೇರೊಬ್ಬರ ಗ್ರಂಥಿಯನ್ನೂ ಕಸಿ ಮಾಡಿದರು. ಮೂಳೆ ಸುಧಾರಿಸಲಿಲ್ಲ. ಕೊನೆಗೆ 1925ರಲ್ಲಿ ಕೊರಳು ತೆರೆದು, ಊದಿದ್ದ ಗ್ರಂಥಿಯನ್ನೇ ತೆಗೆದರು. ನೋವು ಇಳಿಯಿತು, ಮೂಳೆ ಗಟ್ಟಿಯಾಗತೊಡಗಿತು, ಹಾಸಿಗೆ ಹಿಡಿದಿದ್ದವನು ಓಡಾಡಿದ. ಗ್ರಂಥಿ ಬೆಳೆದದ್ದು ಮೂಳೆಯ ಕಾಯಿಲೆಯಿಂದಲ್ಲ, ಮೂಳೆ ಕೆಟ್ಟದ್ದು ಗ್ರಂಥಿಯಿಂದ ಎಂಬುದು ಅಂದು ಸಾಬೀತಾಯಿತು.

ತಪ್ಪು ಕಲ್ಪನೆ 3: ವಯಸ್ಸಾದ ಮೇಲೆ, ಮುಟ್ಟು ನಿಂತ ಮೇಲೆ ಮೂಳೆ ಸವೆಯುವುದು ಸಹಜ. ಅದರಲ್ಲಿ ಹುಡುಕುವಂಥದ್ದೇನಿದೆ?

ವಾಸ್ತವ: ಮುಟ್ಟು ನಿಂತ ಮೇಲೆ ಮೂಳೆಯ ಸಾಂದ್ರತೆ ಇಳಿಯುವುದು ನಿಜ. ಪ್ಯಾರಾಥೈರಾಯ್ಡ್ ಕೆಡುವುದೂ ಹೆಚ್ಚಾಗಿ ಅದೇ ವಯಸ್ಸಿನಲ್ಲಿ. ಎರಡೂ ಒಂದರೊಳಗೊಂದು ಬೆರೆತುಹೋಗುವುದರಿಂದಲೇ ಎರಡನೆಯದು ಕಣ್ಣು ತಪ್ಪಿಸುತ್ತದೆ.

ನಮ್ಮ ದೇಶದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಅಮೆರಿಕ, ಯುರೋಪುಗಳಲ್ಲಿ 1970ರ ದಶಕದಿಂದ ಯಂತ್ರಗಳಲ್ಲಿ ಮಾಡುವ ಮಾಮೂಲಿ ರಕ್ತ ಪರೀಕ್ಷೆಯ ಪಟ್ಟಿಯಲ್ಲೇ ಕ್ಯಾಲ್ಸಿಯಂ ಸೇರಿಕೊಂಡಿತು. ಹಾಗಾಗಿ ಅಲ್ಲಿ ಹೆಚ್ಚಿನವರಿಗೆ ತೊಂದರೆ ಕಾಣಿಸುವ ಮೊದಲೇ ರೋಗ ಸಿಕ್ಕಿಬೀಳುತ್ತದೆ. ಇಲ್ಲಿ ಇನ್ನೂ ಬಹಳಷ್ಟು ಜನ ಮೂಳೆ ನೋವು, ಮುರಿತ, ಕಿಡ್ನಿ ಕಲ್ಲು ಹೊತ್ತುಕೊಂಡೇ ಬರುತ್ತಾರೆ. ಲಖನೌ, ಚಂಡೀಗಢ, ವೆಲ್ಲೂರಿನ ದೊಡ್ಡ ಬೋಧನಾ ಆಸ್ಪತ್ರೆಗಳ ವರದಿಗಳಲ್ಲಿ ಪದೇ ಪದೇ ಕಾಣುವ ಚಿತ್ರ ಇದು: ರೋಗಿಗಳು ಪಾಶ್ಚಾತ್ಯ ರೋಗಿಗಳಿಗಿಂತ ಹತ್ತು ವರ್ಷಕ್ಕೂ ಮಿಕ್ಕಿ ಚಿಕ್ಕವರು, ರೋಗ ಮಾತ್ರ ಬಲಿತದ್ದು. ಮೂವತ್ತೈದು, ನಲವತ್ತರ ಹೆಣ್ಣುಮಗಳು ಸಣ್ಣ ಎಡವಿಗೆ ತೊಡೆಮೂಳೆ ಮುರಿದುಕೊಂಡರೆ ಅದನ್ನು ‘ವಯಸ್ಸು’ ಎಂದು ತಳ್ಳಿಹಾಕಲಾಗದು.

ಮೂಳೆಯ ಜೊತೆಗೆ ಮಾಂಸಖಂಡವೂ ಸೋಲುತ್ತದೆ. ನೆಲದ ಮೇಲೆ ಕೂತವರು ಕೈಯೂರದೆ ಏಳಲಾರರು. ಬಸ್ಸಿನ ಮೊದಲ ಮೆಟ್ಟಿಲು ಹತ್ತಲು ಕಂಬಿ ಹಿಡಿದು ಮೈಯನ್ನೇ ಎಳೆದುಕೊಳ್ಳಬೇಕು. ಇದರ ಜೊತೆ ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ಮಂಕು, ಆಯಾಸ. ಒಂದೊಂದಾಗಿ ನೋಡಿದರೆ ಯಾವುದೂ ದೊಡ್ಡದಲ್ಲ. ಒಟ್ಟಿಗೆ ಸೇರಿಸಿ ನೋಡುವವರು ಬೇಕು.

ತಪ್ಪು ಕಲ್ಪನೆ 4: ಕ್ಯಾಲ್ಸಿಯಂ ಸ್ವಲ್ಪ ಮಾತ್ರ ಹೆಚ್ಚು, ಪಿಟಿಎಚ್ ನಾರ್ಮಲ್ ಮಿತಿಯಲ್ಲೇ ಇದೆ. ಹಾಗಾಗಿ ಏನೂ ಇಲ್ಲ.

ವಾಸ್ತವ: ಒಂದು ಲ್ಯಾಬ್ ವರದಿಯನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. ಸೀರಂ ಕ್ಯಾಲ್ಸಿಯಂ 11.2, ಪಕ್ಕದಲ್ಲಿ ಮಿತಿ 8.5ರಿಂದ 10.5 ಎಂದಿದೆ. ಕೆಳಗಿನ ಸಾಲಿನಲ್ಲಿ ಪಿಟಿಎಚ್ 58. ಮಿತಿ 15ರಿಂದ 65. ಮೊದಲನೆಯದರ ಮುಂದೆ ಮಾತ್ರ ‘ಹೆಚ್ಚು’ ಎಂಬ ಗುರುತು. ಎರಡನೆಯ ಸಾಲಿಗೆ ಗುರುತಿಲ್ಲ ಎಂದು ಸಮಾಧಾನಪಟ್ಟರೆ ತಪ್ಪಾಯಿತು. ಕ್ಯಾಲ್ಸಿಯಂ 11.2 ಇರುವಾಗ ಆರೋಗ್ಯವಂತ ಗ್ರಂಥಿ ಬಾಯಿ ಮುಚ್ಚಿರಬೇಕಿತ್ತು. ಪಿಟಿಎಚ್ ಮಿತಿಯ ತಳಕ್ಕೆ, ಅದಕ್ಕೂ ಕೆಳಕ್ಕೆ ಇಳಿದಿರಬೇಕಿತ್ತು. ಇಳಿಯದೆ 58ರಲ್ಲಿದೆ ಎನ್ನುವುದೇ ರೋಗದ ಸುಳಿವು. ಇವೆರಡು ಸಂಖ್ಯೆಗಳನ್ನು ಯಾವತ್ತೂ ಜೊತೆಯಾಗಿಯೇ ಓದಬೇಕು.

ಕ್ಯಾಲ್ಸಿಯಂ ಅನ್ನು ಆಲ್ಬುಮಿನ್ ಜೊತೆಗೂ ನೋಡಬೇಕು. ರಕ್ತದ ಕ್ಯಾಲ್ಸಿಯಂನಲ್ಲಿ ಸುಮಾರು ಅರ್ಧದಷ್ಟು ಪ್ರೋಟೀನಿಗೆ ಅಂಟಿಕೊಂಡಿರುವುದರಿಂದ ಆಲ್ಬುಮಿನ್ ಇಳಿದವರಲ್ಲಿ ಒಟ್ಟು ಕ್ಯಾಲ್ಸಿಯಂ ಕೂಡ ಕಡಿಮೆ ಕಾಣುತ್ತದೆ. ಆಲ್ಬುಮಿನ್ 4ಕ್ಕಿಂತ ಒಂದು ಗ್ರಾಂ ಕಡಿಮೆಯಿದ್ದರೆ ಕ್ಯಾಲ್ಸಿಯಂಗೆ 0.8 ಕೂಡಿಸುವುದು ವೈದ್ಯರ ರೂಢಿ. 10.2 ಎಂದು ಕಂಡದ್ದು ಆಗ 11 ಆಗುತ್ತದೆ. ಕೂದಲು, ಉಗುರಿಗೆಂದು ಬಯೋಟಿನ್ ಮಾತ್ರೆ ನುಂಗುವವರಲ್ಲಿ ಕೆಲವು ಯಂತ್ರಗಳು ಪಿಟಿಎಚ್ ಅನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತವೆ. ಮಾತ್ರೆಯ ವಿಷಯವನ್ನು ವೈದ್ಯರಿಗೆ ಹೇಳಿ, ಅವರು ಸೂಚಿಸಿದಷ್ಟು ದಿನ ನಿಲ್ಲಿಸಿ ಪರೀಕ್ಷೆ ಮಾಡಿಸಬೇಕು.

ಹಾಗೆಂದು ಕ್ಯಾಲ್ಸಿಯಂ ಹೆಚ್ಚಿದವರೆಲ್ಲರಿಗೂ ಇದೇ ರೋಗ ಎನ್ನಬಾರದು. ಬಿಪಿಗೆ ಕೊಡುವ ಥಯಾಜೈಡ್ ಮಾತ್ರೆಗಳು, ಮನೋರೋಗಕ್ಕೆ ಕೊಡುವ ಲಿಥಿಯಂ ಕೂಡ ಕ್ಯಾಲ್ಸಿಯಂ ಏರಿಸಬಲ್ಲವು. ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ಕ್ಯಾಲ್ಸಿಯಂ ಸ್ವಲ್ಪ ಹೆಚ್ಚಿದ್ದು, ಮೂತ್ರದಲ್ಲಿ ಮಾತ್ರ ಬಹಳ ಕಡಿಮೆ ಹೋಗುತ್ತದೆ. ಅಂಥವರಿಗೆ ಆಪರೇಷನ್ನಿನಿಂದ ಪ್ರಯೋಜನವಿಲ್ಲ. 24 ಗಂಟೆಯ ಮೂತ್ರ ಸಂಗ್ರಹಿಸಿ ಕೊಡಿ ಎಂದು ವೈದ್ಯರು ಹೇಳುವುದು ಈ ಮನೆತನದ ಸಮಸ್ಯೆಯನ್ನು ಪ್ಯಾರಾಥೈರಾಯ್ಡ್ ರೋಗದಿಂದ ಬೇರ್ಪಡಿಸಲು. ಬೇಸರಪಡದೆ ಮಾಡಿಸಬೇಕಾದ ಪರೀಕ್ಷೆ ಅದು.

ತಪ್ಪು ಕಲ್ಪನೆ 5: ಪಿಟಿಎಚ್ ಹೆಚ್ಚಿದೆ ಎಂದರೆ ಗ್ರಂಥಿಯಲ್ಲಿ ಗಡ್ಡೆ ಇದ್ದೇ ಇದೆ.

ವಾಸ್ತವ: ಇದು ಹಿಂದಿನದಕ್ಕೆ ತದ್ವಿರುದ್ಧವಾದ ತಪ್ಪು. ವಿಟಮಿನ್ ಡಿ ಕೊರತೆಯಿದ್ದರೆ, ಮೂತ್ರಪಿಂಡ ಸೋತಿದ್ದರೆ, ಊಟದಲ್ಲಿ ಕ್ಯಾಲ್ಸಿಯಂ ಸಾಲದಿದ್ದರೆ ಆರೋಗ್ಯವಂತ ಗ್ರಂಥಿಗಳೂ ಹೆಚ್ಚು ದುಡಿಯುತ್ತವೆ. ಆಗ ಪಿಟಿಎಚ್ ಏರಿರುತ್ತದೆ, ಕ್ಯಾಲ್ಸಿಯಂ ಮಾತ್ರ ಸರಿಯಾಗಿ ಅಥವಾ ಕಡಿಮೆಯಾಗಿ ಇರುತ್ತದೆ. ಇದಕ್ಕೆ ಸೆಕೆಂಡರಿ ಹೈಪರ್‌ಪ್ಯಾರಾಥೈರಾಯ್ಡಿಸಂ ಎನ್ನುತ್ತಾರೆ. ಇಲ್ಲಿ ಕೊರತೆಯನ್ನು ತುಂಬಬೇಕು, ಕೊರಳಿಗೆ ಕತ್ತರಿ ಬೇಕಿಲ್ಲ. ಡಯಾಲಿಸಿಸ್‌ನಲ್ಲಿರುವವರದ್ದು ಬೇರೆಯೇ ಲೆಕ್ಕ. ಅವರ ರಂಜಕದ ಪ್ರಮಾಣ, ಔಷಧಿ ಎಲ್ಲವನ್ನೂ ಕಿಡ್ನಿ ತಜ್ಞರೇ ತೂಗಿ ನೋಡಬೇಕು.

ತಪ್ಪು ಕಲ್ಪನೆ 6: ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬೆನ್ನುಮೂಳೆಯಲ್ಲಿ ಚೆನ್ನಾಗಿ ಬಂದಿದೆ. ಮೂಳೆಗೆ ಏನೂ ಆಗಿಲ್ಲ.

ವಾಸ್ತವ: ಮೂಳೆಯಲ್ಲಿ ಎರಡು ಬಗೆ. ಹೊರಗಿನ ಗಟ್ಟಿ ಕವಚ ಒಂದು, ಒಳಗಿನ ಜಾಲರಿಯಂಥ ಮೂಳೆ ಇನ್ನೊಂದು. ಬೆನ್ನುಮೂಳೆಯಲ್ಲಿ ಜಾಲರಿ ಹೆಚ್ಚು, ಮುಂಗೈಯಲ್ಲಿ ಕವಚ ಹೆಚ್ಚು. ಮುಟ್ಟು ನಿಂತ ಮೇಲಿನ ಸಾಮಾನ್ಯ ಸವೆತ ಮೊದಲು ಕಾಣುವುದು ಬೆನ್ನಿನಲ್ಲಿ. ಪಿಟಿಎಚ್ ಹೆಚ್ಚಾದಾಗ ಮೊದಲ ಪೆಟ್ಟು ಬೀಳುವುದು ಗಟ್ಟಿ ಕವಚದ ಮೇಲೆ.

ಆದ್ದರಿಂದ ಈ ರೋಗಿಗಳಲ್ಲಿ ಸೊಂಟ ಮತ್ತು ಬೆನ್ನಿನ ಜೊತೆಗೆ ಮುಂಗೈಯ ಅಳತೆಯೂ ಕಡ್ಡಾಯವಾಗಿ ಬೇಕು. ಮಾಮೂಲಿ ಡೆಕ್ಸಾದಲ್ಲಿ ಮಂಚದ ಮೇಲೆ ಮಲಗಿಸಿ ಬೆನ್ನು, ಸೊಂಟ ನೋಡಿ ಎಬ್ಬಿಸಿಬಿಡುತ್ತಾರೆ. ಮುಂಗೈಗಾದರೆ ಪಕ್ಕದಲ್ಲಿ ಕೂರಿಸಿ, ಬಳೆ ಗಡಿಯಾರ ತೆಗೆಸಿ, ಹೆಚ್ಚು ಬಳಸದ ಕೈಯನ್ನು ಹಲಗೆಯ ಮೇಲೆ ಅಂಗೈ ಕೆಳಗಾಗಿ ಇಡಿಸಬೇಕು. ಎರಡು ನಿಮಿಷದ ಕೆಲಸ. ಮಣಿಕಟ್ಟಿನಿಂದ ಮೇಲಕ್ಕೆ ಮುಂಗೈಯ ಮೂರನೇ ಒಂದು ಭಾಗದಷ್ಟು ಎತ್ತರದಲ್ಲಿ ಸಿಗುವ ಆ ಅಂಕಿ, ಬೆನ್ನಿನ ಅಂಕಿ ಮರೆಮಾಚಿದ್ದನ್ನು ಹೇಳಿಬಿಡುತ್ತದೆ. ವೈದ್ಯರ ಚೀಟಿಯಲ್ಲಿ ‘ಮುಂಗೈ ಸಹಿತ’ ಎಂದು ಬರೆದಿದೆಯೇ ಎಂದು ನೋಡಿಕೊಂಡೇ ಹೋಗಿ.

ಬೆನ್ನಿನ ಸಾಂದ್ರತೆ ಸುಮಾರಾಗಿದ್ದವರಲ್ಲೂ ಸದ್ದಿಲ್ಲದೆ ಬೆನ್ನೆಲುಬು ಕುಸಿದಿರಬಹುದು. ಹಾಗಾಗಿ ಬೆನ್ನಿನ ಎಕ್ಸ್‌ರೇಯೂ ಬೇಕಾಗುತ್ತದೆ. ಎತ್ತರ ಕಡಿಮೆಯಾಗಿದೆ, ಗೂನು ಬರುತ್ತಿದೆ ಎನ್ನಿಸಿದವರು ಇದನ್ನು ಬಿಡಲೇಬಾರದು.

ತಪ್ಪು ಕಲ್ಪನೆ 7: ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಿದೆ, ಹಾಲು, ಮೊಸರು, ರಾಗಿ ಬಿಟ್ಟುಬಿಡಬೇಕು.

ವಾಸ್ತವ: ಈ ರೋಗದಲ್ಲಿ ಕ್ಯಾಲ್ಸಿಯಂ ಹೆಚ್ಚಾದದ್ದು ಊಟದಿಂದಲ್ಲ. ಊಟದ ಕ್ಯಾಲ್ಸಿಯಂ ಕಡಿತ ಮಾಡಿದರೆ ಗ್ರಂಥಿಗೆ ಇನ್ನಷ್ಟು ಪ್ರಚೋದನೆ ಸಿಗುತ್ತದೆ. ಅದು ಮೂಳೆಯಿಂದ ಮತ್ತಷ್ಟು ಎಳೆಯುತ್ತದೆ. ಮುದ್ದೆ ಬಿಟ್ಟು, ಮಜ್ಜಿಗೆ ಬಿಟ್ಟು, ಕೊನೆಗೆ ಮೂಳೆಯನ್ನೇ ಬಡವಾಗಿಸಿದಂತೆ.

ಐಸಿಎಂಆರ್ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ, ಮುಟ್ಟು ನಿಂತ ಮಹಿಳೆಯರಿಗೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಈ ರೋಗಿಗಳೂ ಸಾಮಾನ್ಯವಾಗಿ ಎಲ್ಲರಷ್ಟೇ ತಿನ್ನಬೇಕು ಎಂಬುದು ತಜ್ಞರ ಸಲಹೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, ಒಂದು ಲೋಟ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಎಳ್ಳು, ಸೊಪ್ಪು, ಹುರುಳಿಯಲ್ಲೂ ಇದೆ. ಊಟದ ಕ್ಯಾಲ್ಸಿಯಂ ಎಂದಿನಂತೆ ಇರಲಿ. ಕ್ಯಾಲ್ಸಿಯಂ ಮಾತ್ರೆಯನ್ನು ಮಾತ್ರ ವೈದ್ಯರನ್ನು ಕೇಳದೆ ಸೇರಿಸುವುದೂ ಬೇಡ, ನಿಲ್ಲಿಸುವುದೂ ಬೇಡ.

ತಪ್ಪು ಕಲ್ಪನೆ 8: ವಿಟಮಿನ್ ಡಿ ಕೊರತೆ ಎಷ್ಟಿದ್ದರೂ ಈ ರೋಗಿಗಳು ಅದನ್ನು ಮುಟ್ಟಬಾರದು.

ವಾಸ್ತವ: ವಿಟಮಿನ್ ಡಿ ಕೊರತೆ ನಮ್ಮಲ್ಲಿ ವ್ಯಾಪಕ. ಪ್ಯಾರಾಥೈರಾಯ್ಡ್ ರೋಗದ ಜೊತೆ ಅದೂ ಸೇರಿದರೆ ಪಿಟಿಎಚ್ ಇನ್ನೂ ಏರುತ್ತದೆ, ಮೂಳೆಯ ಹಾನಿ ಹೆಚ್ಚುತ್ತದೆ, ಆಪರೇಷನ್ ನಂತರ ಕ್ಯಾಲ್ಸಿಯಂ ದಿಢೀರ್ ಕುಸಿಯುವ ಅಪಾಯವೂ ಬೆಳೆಯುತ್ತದೆ. ಆದ್ದರಿಂದ ಕೊರತೆಯನ್ನು ತುಂಬಲೇಬೇಕು. ಆದರೆ ಸಣ್ಣ ಪ್ರಮಾಣದಲ್ಲಿ, ಕ್ಯಾಲ್ಸಿಯಂ ಎಷ್ಟಿದೆ ಎಂದು ಆಗಾಗ ನೋಡುತ್ತಾ.

ಅಪಾಯ ಇರುವುದು ಅಳತೆ ಮೀರಿದಾಗ. ಮೈಕೈ ನೋವೆಂದು ಮೆಡಿಕಲ್ ಸ್ಟೋರಿನಿಂದ 60,000 ಯೂನಿಟ್ಟಿನ ಸ್ಯಾಚೆಟ್ ತಂದು ತಮಗೆ ತೋಚಿದಂತೆ ನುಂಗುವವರಿದ್ದಾರೆ. 6 ಲಕ್ಷ ಯೂನಿಟ್ಟಿನ ಇಂಜೆಕ್ಷನ್ ಹಾಕಿಸಿಕೊಳ್ಳುವವರೂ ಇದ್ದಾರೆ. ಒಳಗೆ ಪತ್ತೆಯಾಗದ ಪ್ಯಾರಾಥೈರಾಯ್ಡ್ ಗಡ್ಡೆ ಇದ್ದರೆ ಇಷ್ಟು ದೊಡ್ಡ ಡೋಸ್ ಕ್ಯಾಲ್ಸಿಯಂ ಅನ್ನು ಅಪಾಯದ ಮಟ್ಟಕ್ಕೆ ಏರಿಸಿ ವಾಂತಿ, ಗೊಂದಲ, ಮೂತ್ರಪಿಂಡದ ಹಾನಿಗೆ ದಾರಿಯಾಗಬಹುದು. ದೊಡ್ಡ ಡೋಸ್ ಶುರುಮಾಡುವ ಮೊದಲು ಕ್ಯಾಲ್ಸಿಯಂ ಒಮ್ಮೆ ನೋಡುವುದು ಎಲ್ಲರಿಗೂ ಒಳ್ಳೆಯದು.

ತಪ್ಪು ಕಲ್ಪನೆ 9: ದವಡೆಯಲ್ಲೋ ಕಾಲಿನಲ್ಲೋ ಮೂಳೆಯ ಗಡ್ಡೆ ಕಂಡರೆ ಅದು ಕ್ಯಾನ್ಸರೇ.

ವಾಸ್ತವ: ರೋಗ ಬಹಳ ಬಲಿತಾಗ ಮೂಳೆ ಅಲ್ಲಲ್ಲಿ ಪೂರ್ತಿ ಕರಗಿ, ಆ ಜಾಗದಲ್ಲಿ ನಾರಿನ ಅಂಗಾಂಶ, ಸಣ್ಣ ರಕ್ತಸ್ರಾವಗಳು ತುಂಬಿಕೊಳ್ಳುತ್ತವೆ. ಹಳೆಯ ರಕ್ತದ ಕಬ್ಬಿಣದಿಂದ ಕಂದು ಬಣ್ಣಕ್ಕೆ ತಿರುಗುವ ಇದನ್ನು ಬ್ರೌನ್ ಟ್ಯೂಮರ್ ಎನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ. ಆದರೆ ಎಕ್ಸ್‌ರೇಯಲ್ಲಿ ಹಾಗೆ ಕಾಣಬಹುದು. ಸೂಕ್ಷ್ಮದರ್ಶಕದಡಿ ಬೇರೊಂದು ಮೂಳೆಗಡ್ಡೆಯನ್ನು ಹೋಲುವುದರಿಂದ ಬಯಾಪ್ಸಿಯೂ ದಾರಿ ತಪ್ಪಿಸಬಹುದು. ದವಡೆ ಊದಿತೆಂದು ದಂತವೈದ್ಯರ ಬಳಿ ಹೋದವರಲ್ಲಿ ಮೂಲ ರೋಗ ಹೊರಬಿದ್ದ ಉದಾಹರಣೆಗಳಿವೆ. ಕೊರಳಿನ ಗ್ರಂಥಿ ತೆಗೆದರೆ ಇಂಥ ಗಡ್ಡೆಗಳು ಬಹುಮಟ್ಟಿಗೆ ತಾವಾಗಿಯೇ ತುಂಬಿಕೊಳ್ಳುತ್ತವೆ. ಮೂಳೆಗೆ ದೊಡ್ಡ ಶಸ್ತ್ರಚಿಕಿತ್ಸೆ ಮಾಡುವ ಮೊದಲು ಕ್ಯಾಲ್ಸಿಯಂ, ಪಿಟಿಎಚ್ ನೋಡಿಬಿಡುವುದು ಇದಕ್ಕೇ. ಪ್ಯಾರಾಥೈರಾಯ್ಡ್ ಗ್ರಂಥಿಯ ಕ್ಯಾನ್ಸರ್ ಕೂಡ ಅತ್ಯಪರೂಪ; ಹೆಚ್ಚಿನ ದೇಶಗಳ ಲೆಕ್ಕದಲ್ಲಿ ಈ ರೋಗವಿರುವ ನೂರು ಜನರಲ್ಲಿ ಒಬ್ಬರಿಗಿಂತ ಕಡಿಮೆ.

ತಪ್ಪು ಕಲ್ಪನೆ 10: ಸ್ಕ್ಯಾನಿನಲ್ಲಿ ಗಡ್ಡೆ ಕಾಣಲಿಲ್ಲ. ಅಂದಮೇಲೆ ರೋಗವಿಲ್ಲ.

ವಾಸ್ತವ: ರೋಗ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ರಕ್ತ ಪರೀಕ್ಷೆ. ಅಲ್ಟ್ರಾಸೌಂಡ್, ಸೆಸ್ಟಮಿಬಿ ಸ್ಕ್ಯಾನ್, ಸಿಟಿ ಇವೆಲ್ಲ ಇರುವುದು ‘ಎಲ್ಲಿದೆ’ ಎಂದು ಸರ್ಜನ್‌ಗೆ ದಾರಿ ತೋರಿಸಲು. ಗಡ್ಡೆ ಚಿಕ್ಕದಿದ್ದರೆ, ಒಂದಕ್ಕಿಂತ ಹೆಚ್ಚು ಗ್ರಂಥಿಗಳು ಕೆಟ್ಟಿದ್ದರೆ ಸ್ಕ್ಯಾನ್ ಬರಿದಾಗಿ ಕಾಣಬಹುದು.

ಗ್ರಂಥಿ ಕೊರಳಲ್ಲೇ ಇರಬೇಕೆಂದೂ ಇಲ್ಲ. ಅಮೆರಿಕದ ಹಡಗಿನ ಕ್ಯಾಪ್ಟನ್ ಚಾರ್ಲ್ಸ್ ಮಾರ್ಟೆಲ್ ಅವರ ಕಥೆ ವೈದ್ಯಕೀಯ ಇತಿಹಾಸದಲ್ಲಿ ದಾಖಲಾಗಿದೆ. ಆರಡಿ ಮೀರಿದ ಎತ್ತರದ ಆಳು ಹಲವು ಬಾರಿ ಮೂಳೆ ಮುರಿದು, ಬೆನ್ನೆಲುಬು ಕುಸಿದು ಸುಮಾರು ಏಳು ಅಂಗುಲ ಕುಗ್ಗಿಹೋದರು. ಕೊರಳನ್ನು ಮತ್ತೆ ಮತ್ತೆ ಹುಡುಕಿದರೂ ಗಡ್ಡೆ ಸಿಗಲಿಲ್ಲ. 1932ರಲ್ಲಿ ಬಾಸ್ಟನ್ನಿನಲ್ಲಿ ಏಳನೆಯ ಆಪರೇಷನ್ನಿನಲ್ಲಿ ಅದು ಎದೆಯೊಳಗೆ ಸಿಕ್ಕಿತು. ಅಷ್ಟರಲ್ಲಿ ಮೂತ್ರಪಿಂಡಗಳು ಹಾಳಾಗಿದ್ದವು. ಕೆಲವೇ ವಾರಗಳಲ್ಲಿ ತೀರಿಕೊಂಡರು. ಇಂದು ಅಂಥ ಗಡ್ಡೆಯನ್ನು ಹುಡುಕುವ ಸಾಧನಗಳಿವೆ. ಆದರೂ ಈ ಆಪರೇಷನ್ನಿಗೆ ಎಲ್ಲಕ್ಕಿಂತ ಮುಖ್ಯವಾಗಿ ಬೇಕಾದದ್ದು ಇದರಲ್ಲಿ ಕೈ ಪಳಗಿದ ಸರ್ಜನ್.

ತಪ್ಪು ಕಲ್ಪನೆ 11: ಮೂಳೆ ಗಟ್ಟಿ ಮಾಡುವ ಮಾತ್ರೆ, ಇಂಜೆಕ್ಷನ್ ಇರುವಾಗ ಆಪರೇಷನ್ ಯಾಕೆ?

ವಾಸ್ತವ: ಔಷಧಿಗಳಿಗೆ ಜಾಗವಿದೆ, ಆದರೆ ಅರ್ಧದಷ್ಟೇ. ಅಲೆಂಡ್ರೊನೇಟ್‌ನಂಥ ಮಾತ್ರೆ ಮೂಳೆಯ ಸಾಂದ್ರತೆ ಹೆಚ್ಚಿಸುತ್ತದೆ, ರಕ್ತದ ಕ್ಯಾಲ್ಸಿಯಂ ಅನ್ನು ಬಹುಕಾಲ ಇಳಿಸಿಡುವುದಿಲ್ಲ. ಸಿನಕಾಲ್ಸೆಟ್ ಕ್ಯಾಲ್ಸಿಯಂ ಇಳಿಸುತ್ತದೆ, ಮೂಳೆಯನ್ನು ತುಂಬುವುದಿಲ್ಲ. ಆಪರೇಷನ್ ತಾಳಲಾರದವರಿಗೆ ಇವು ಆಸರೆ. ರೋಗದ ಬೇರು ಕೀಳುವುದು ಆಪರೇಷನ್ ಮಾತ್ರ.

ಒಂದು ಔಷಧಿಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಸಾಮಾನ್ಯ ಮೂಳೆ ಸವೆತಕ್ಕೆ ದಿನವೂ ಚುಚ್ಚಿಕೊಳ್ಳುವ ಟೆರಿಪಾರಟೈಡ್ ಎಂಬುದು ಪಿಟಿಎಚ್‌ನದೇ ಒಂದು ತುಣುಕು. ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಏರಿ ಇಳಿದರೆ ಆ ಹಾರ್ಮೋನು ಮೂಳೆ ಕಟ್ಟುತ್ತದೆ. ದಿನವಿಡೀ ಏರಿಯೇ ಇದ್ದರೆ ಕರಗಿಸುತ್ತದೆ. ಪ್ಯಾರಾಥೈರಾಯ್ಡ್ ಅತಿಯಾಗಿ ದುಡಿಯುತ್ತಿರುವವರಿಗೆ ಈ ಇಂಜೆಕ್ಷನ್ ಸಲ್ಲದು. ಶುರುಮಾಡುವ ಮೊದಲು ಕ್ಯಾಲ್ಸಿಯಂ ನೋಡಿದ್ದಾರೆಯೇ ಎಂದು ಕೇಳುವುದು ರೋಗಿಯ ಹಕ್ಕು.

ತಪ್ಪು ಕಲ್ಪನೆ 12: ನನಗೆ ನೋವಿಲ್ಲ, ತೊಂದರೆಯಿಲ್ಲ. ಆಪರೇಷನ್ ಮುಂದೆ ನೋಡೋಣ.

ವಾಸ್ತವ: ನೋವಿಲ್ಲದವರಲ್ಲೂ ಆಪರೇಷನ್ ಯಾರಿಗೆ ಬೇಕೆಂದು ಅಂತರರಾಷ್ಟ್ರೀಯ ತಜ್ಞರು ಸ್ಪಷ್ಟ ಗೆರೆಗಳನ್ನು ಎಳೆದಿದ್ದಾರೆ. ವಯಸ್ಸು 50ಕ್ಕಿಂತ ಕಡಿಮೆಯಿರುವುದು. ಕ್ಯಾಲ್ಸಿಯಂ ಮೇಲ್ಮಿತಿಗಿಂತ 1 ಮಿಲಿಗ್ರಾಂಗೂ ಹೆಚ್ಚಿರುವುದು. ಬೆನ್ನು, ಸೊಂಟ, ಮುಂಗೈ ಪೈಕಿ ಎಲ್ಲಾದರೂ ಡೆಕ್ಸಾದ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿರುವುದು, ಬೆನ್ನೆಲುಬು ಕುಸಿದಿರುವುದು, ಕಿಡ್ನಿ ಕಲ್ಲಿರುವುದು ಅಥವಾ ಮೂತ್ರಪಿಂಡದ ಸಾಮರ್ಥ್ಯ (ಇಜಿಎಫ್‌ಆರ್) 60ಕ್ಕಿಂತ ಇಳಿದಿರುವುದು, ಮೂತ್ರದಲ್ಲಿ ಕ್ಯಾಲ್ಸಿಯಂ ಅತಿಯಾಗಿ ಹೋಗುತ್ತಿರುವುದು. ಇವುಗಳಲ್ಲಿ ಒಂದಿದ್ದರೂ ಸಾಕು. ಯಾವುದೂ ಇಲ್ಲದವರು ನಿಗಾದಲ್ಲಿರಬಹುದು. ನಿಗಾ ಎಂದರೆ ವರ್ಷಕ್ಕೊಮ್ಮೆ ಕ್ಯಾಲ್ಸಿಯಂ, ಮೂತ್ರಪಿಂಡದ ಪರೀಕ್ಷೆ, ಒಂದೆರಡು ವರ್ಷಕ್ಕೊಮ್ಮೆ ಡೆಕ್ಸಾ. ಮರೆತು ಕೂರುವುದಲ್ಲ.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ ಇಂಥ ರೋಗಿಗಳನ್ನು 15 ವರ್ಷ ಹಿಂಬಾಲಿಸಿ 2008ರಲ್ಲಿ ವರದಿ ಕೊಟ್ಟಿತು. ಆಪರೇಷನ್ ಆಗದವರ ಮೂಳೆ ಕೆಲವು ವರ್ಷ ತಟಸ್ಥವಾಗಿದ್ದು, ಆಮೇಲೆ ಸೊಂಟ, ಮುಂಗೈಗಳಲ್ಲಿ ಇಳಿಯತೊಡಗಿತು. ಆಪರೇಷನ್ ಆದವರಲ್ಲಿ ಮೂಳೆ ಗಳಿಸಿಕೊಂಡ ಸಾಂದ್ರತೆ 15 ವರ್ಷವೂ ಉಳಿಯಿತು.

ತಪ್ಪು ಕಲ್ಪನೆ 13: ಒಮ್ಮೆ ಸವೆದ ಮೂಳೆ ಮತ್ತೆ ತುಂಬುವುದಿಲ್ಲ.

ವಾಸ್ತವ: ಮೂಳೆ ಸವೆತದ ಹಲವು ಕಾರಣಗಳ ನಡುವೆ ಈ ರೋಗ ಎದ್ದು ಕಾಣುವುದು ಇಲ್ಲಿಯೇ. ಕೆಟ್ಟ ಗ್ರಂಥಿಯನ್ನು ತೆಗೆದ ಹತ್ತು ನಿಮಿಷಕ್ಕೇ ರಕ್ತದ ಪಿಟಿಎಚ್ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಸರ್ಜನ್‌ಗಳು ಆಪರೇಷನ್ ಟೇಬಲ್ಲಿನ ಮೇಲೇ ಅದನ್ನು ಅಳೆದು, ಸರಿಯಾದ ಗ್ರಂಥಿಯೇ ಹೊರಬಂತು ಎಂದು ಖಾತ್ರಿ ಮಾಡಿಕೊಳ್ಳುವುದುಂಟು. ಕರಗಿಸುವ ಆಜ್ಞೆ ನಿಂತೊಡನೆ ಮೂಳೆ ಕ್ಯಾಲ್ಸಿಯಂ ಅನ್ನು ಹಿಂದಕ್ಕೆ ಹೀರತೊಡಗುತ್ತದೆ. ಬೆನ್ನು ಮತ್ತು ಸೊಂಟದ ಸಾಂದ್ರತೆ ಮೊದಲ ಒಂದೆರಡು ವರ್ಷಗಳಲ್ಲೇ ಏರುತ್ತದೆ, ಮುಂಗೈ ನಿಧಾನವಾಗಿ ಹಿಂಬಾಲಿಸುತ್ತದೆ. ಸವೆತ ಹೆಚ್ಚಿದ್ದವರಲ್ಲಿ ಚೇತರಿಕೆಯೂ ಎದ್ದು ಕಾಣುವಷ್ಟಿರುತ್ತದೆ.

ಈ ಚೇತರಿಕೆಯೇ ಮೊದಲ ದಿನಗಳಲ್ಲಿ ಗಾಬರಿ ಹುಟ್ಟಿಸಬಹುದು. ಹಸಿದ ಮೂಳೆ ಒಮ್ಮೆಲೇ ಹೀರಿಕೊಳ್ಳುವುದರಿಂದ ರಕ್ತದ ಕ್ಯಾಲ್ಸಿಯಂ ಆಪರೇಷನ್ ಆದ ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ತೀರಾ ಕೆಳಗಿಳಿಯಬಹುದು. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು, ಕೈಕಾಲು ಸೆಡೆತ. ಆಪರೇಷನ್ ಕೆಟ್ಟಿತೆಂದು ಅಂಜಬೇಕಿಲ್ಲ, ತಡಮಾಡಲೂ ಬಾರದು. ಕೂಡಲೇ ಆಸ್ಪತ್ರೆಗೆ ತಿಳಿಸಿದರೆ ಮಾತ್ರೆ ಅಥವಾ ಡ್ರಿಪ್ ಮೂಲಕ ಕ್ಯಾಲ್ಸಿಯಂ ಕೊಟ್ಟು ಸರಿಪಡಿಸುತ್ತಾರೆ. ಮೂಳೆ ಬಹಳ ಸವೆದಿದ್ದವರಿಗೆ ಇದು ವಾರಗಟ್ಟಲೆ ಬೇಕಾಗಬಹುದು.

ತಪ್ಪು ಕಲ್ಪನೆ 14: ಮೂಳೆ ಮೆತ್ತಗಾಗಿದೆ, ಅಲ್ಲಾಡದೆ ಮಲಗಿರುವುದೇ ಕ್ಷೇಮ.

ವಾಸ್ತವ: ಮೂಳೆಯ ಮೇಲೆ ಭಾರ ಬೀಳದಿದ್ದರೆ ಅದು ಇನ್ನೂ ಬೇಗ ಕರಗುತ್ತದೆ, ಕ್ಯಾಲ್ಸಿಯಂ ಇನ್ನೂ ಏರುತ್ತದೆ. ಮುರಿತವಿದ್ದರೆ ವೈದ್ಯರು ಹೇಳಿದಷ್ಟು ವಿಶ್ರಾಂತಿ ಬೇಕು. ಉಳಿದವರಿಗೆ ದಿನವೂ ನಡಿಗೆ ಬೇಕು, ವೈದ್ಯರು ಬೇಡವೆನ್ನದಿದ್ದರೆ ಸಾಕಷ್ಟು ನೀರೂ ಬೇಕು. ವಾಂತಿಭೇದಿಯಾಗಿ ಮೈ ಒಣಗಿದರೆ ಮನೆಮದ್ದಿನಲ್ಲಿ ಕಾಲ ಕಳೆಯಬಾರದು. ಬೀಳದಂತೆ ನೋಡಿಕೊಳ್ಳುವುದೂ ಚಿಕಿತ್ಸೆಯೇ: ಬಚ್ಚಲಲ್ಲಿ ಹಿಡಿಕೆ, ರಾತ್ರಿ ಓಡಾಡುವ ಕಡೆ ದೀಪ, ಜಾರದ ಚಪ್ಪಲಿ.

ಆಪರೇಷನ್ ಆದ ಮೇಲೂ ಆರು ತಿಂಗಳಿಗೆ ಕ್ಯಾಲ್ಸಿಯಂ ನೋಡಬೇಕು. ಅದು ಸರಿಯಿದ್ದರೆ ಮಾತ್ರ ವಾಸಿಯಾಯಿತೆಂದು ಲೆಕ್ಕ. ಆಮೇಲೆ ವರ್ಷಕ್ಕೊಮ್ಮೆ. ಮಾಂಡ್ಲ್ ಅವರ ರೋಗಿಗೂ ಕೆಲವು ವರ್ಷಗಳ ಬಳಿಕ ರೋಗ ಮರುಕಳಿಸಿತ್ತು. ಚಿಕ್ಕ ವಯಸ್ಸಿನಲ್ಲಿ ಬಂದಿದ್ದರೆ, ಮನೆಯಲ್ಲಿ ಇನ್ನೊಬ್ಬರಿಗೂ ಇದ್ದರೆ ವಂಶವಾಹಿ ಪರೀಕ್ಷೆಯ ಬಗ್ಗೆ ಕೇಳಬೇಕು. ಒಡಹುಟ್ಟಿದವರ, ಮಕ್ಕಳ ಕ್ಯಾಲ್ಸಿಯಂ ಕೂಡ ನೋಡಿಸಬೇಕು.

ಇಷ್ಟೆಲ್ಲ ಹೇಳುವುದರ ಉದ್ದೇಶ ಒಂದೇ. ಸಣ್ಣ ಪೆಟ್ಟಿಗೆ ಮೂಳೆ ಮುರಿದವರು, ಡೆಕ್ಸಾದಲ್ಲಿ ಸವೆತ ಕಂಡವರು, ಕಿಡ್ನಿ ಕಲ್ಲು ಮತ್ತೆ ಮತ್ತೆ ಬರುವವರು ಕ್ಯಾಲ್ಸಿಯಂ ಮಾತ್ರೆಗೆ ಕೈ ಚಾಚುವ ಮೊದಲು ರಕ್ತದ ಕ್ಯಾಲ್ಸಿಯಂ ಮತ್ತು ಆಲ್ಬುಮಿನ್ ಪರೀಕ್ಷೆ ಮಾಡಿಸಿ. ಹೆಚ್ಚಿದ್ದರೆ ಮತ್ತೊಮ್ಮೆ ಮಾಡಿಸಿ, ಜೊತೆಗೆ ಪಿಟಿಎಚ್, ವಿಟಮಿನ್ ಡಿ ನೋಡಿಸಿ, ವರದಿ ಹಿಡಿದು ಎಂಡೋಕ್ರೈನಾಲಜಿ ತಜ್ಞರ ಬಳಿ ಹೋಗಿ. ಮೂಳೆ ಸವೆತದ ಬಹುಪಾಲು ಕಾರಣಗಳೊಂದಿಗೆ ನಾವು ಜೀವನಪೂರ್ತಿ ಏಗಬೇಕು. ಇದೊಂದನ್ನು ಬುಡಸಮೇತ ತೆಗೆದುಹಾಕಬಹುದು. ವಾಸಿಯಾಗುವ ರೋಗವನ್ನು ‘ವಯಸ್ಸಾಯಿತು’ ಎಂಬ ಮಾತಿನಲ್ಲಿ ಮುಚ್ಚಿಡುವುದು ನಮ್ಮ ಅಮ್ಮಂದಿರಿಗೂ ಅಕ್ಕತಂಗಿಯರಿಗೂ ಮಾಡುವ ಅನ್ಯಾಯ. ಅದು ಆಗಬಾರದು.